ಮೂರನೆಯ ರೀಲು

ರಾತ್ರಿ ಪಾಳಿ ಇಲ್ಲದ ಮಂಗಳವಾರ
ಚೌಬಾರದ ಹಿಂದಿನ ಓಣಿಯಲ್ಲಿ
ಮಶಾಕ್ ಸಾಬರ ಅಟ್ಟ ಹತ್ತುತ್ತೇನೆ.
ಹನ್ನೊಂದು ಮೆಟ್ಟಿಲು, ಏಳನೆಯದು ಇಲ್ಲ.
ಮೇಲೆ ತಗಡಿನ ಡಬ್ಬಿಗಳು, ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ,
ಗೋಡೆಗೆ ಮೊಳೆ ಹೊಡೆದು ಬಿಗಿದ ಹಾಸಿಗೆಯ ಚಾದರ.
ನಡುವೆ ಒಂದು ತೇಪೆ.
ಯಾವ ಹೀರೋ ಬಂದರೂ
ಅದನ್ನು ಎದೆಯ ಮೇಲೆ ಹೊತ್ತೇ ಓಡಬೇಕು.

ಪ್ರಚಾರ ಖಾತೆಯ ಜೀಪಿನಲ್ಲಿ ಇಪ್ಪತ್ತಾರು ವರ್ಷ:
ಔರಾದ, ಕಮಠಾಣ, ಚಿಟಗುಪ್ಪ, ಭಾಲ್ಕಿ.
ಕಚೇರಿ ಮುಚ್ಚಿದ ದಿನ ರೀಲುಗಳನ್ನು ರದ್ದಿಗೆ ಹಾಕಿದರು.
ಇವರು ಸಾಲಿನಲ್ಲಿ ನಿಂತು ತೂಗಿಸಿಕೊಂಡರು
ಮೂವತ್ತೆಂಟು ಕಿಲೋ ಸಿನಿಮಾ.
"ಜ್ವಾಳಕ್ಕಿಂತ ಸೋವಿ ಇತ್ತು ನೀಲಗಂಗಾ."

ಮೊದಲು ಒಂದು ಸಾಕ್ಷ್ಯಚಿತ್ರ. ಅದು ಅವರ ನೇಮ.
ಬಾವಿಗೆ ಬಿಳಿ ಪುಡಿ ಹಾಕುವ ಬಗೆ, ಒಂಬತ್ತು ನಿಮಿಷ.
ಇನ್ಸ್‌ಪೆಕ್ಟರ್ ಬಗ್ಗಿ ಸುರಿಯುತ್ತಾನೆ,
ಊರಿಗೆ ಊರೇ ಕೈಕಟ್ಟಿ ನಿಂತಿದೆ.
ಮುಖವಿಲ್ಲದ ದನಿಯೊಂದು ಇಸ್ತ್ರಿ ಮಾಡಿದ ಕನ್ನಡದಲ್ಲಿ
"ಗ್ರಾಮಸ್ಥರು ಈಗ ಸಂತುಷ್ಟರಾಗಿದ್ದಾರೆ" ಎನ್ನುವಾಗ
ಕೊಡ ಸೊಂಟಕ್ಕೇರಿಸಿದ ಹುಡುಗಿಯೊಬ್ಬಳು
ನೇರ ನಮ್ಮನ್ನೇ ನೋಡಿ
ತಲೆ ಕೆರೆದುಕೊಳ್ಳುತ್ತಾಳೆ.

ಎರಡು ಸೆಕೆಂಡು. ಮತ್ತೆ ಬಾವಿ.

ನಾನು ಬರುವುದು ಅವಳಿಗಾಗಿ.
ಗೊತ್ತಿದ್ದೇ ಸಾಬರು ಹಿಂದಕ್ಕೆ ತಿರುಗಿಸುತ್ತಾರೆ:
ತಲೆಯಿಂದ ಬೆರಳು ಇಳಿಯುತ್ತದೆ, ಸೊಂಟದಿಂದ ಕೊಡ,
ಬಿಳಿ ಪುಡಿ ಬಾವಿಯಿಂದೆದ್ದು
ಇನ್ಸ್‌ಪೆಕ್ಟರನ ಚೀಲ ಸೇರುತ್ತದೆ.

ಆಮೇಲೆ ನಗೆಚಿತ್ರ.
ಹೆಸರು ಬರುವ ತುಂಡು ಎಂದೋ ಸುಟ್ಟಿದೆ,
ನಾವಿಬ್ಬರೂ ಅನ್ನುವುದು ಹಗೇವಿನ ಸಿನಿಮಾ.
ಬಡಕಲು ಹೀರೋ, ಸಾಲ ಕೊಟ್ಟ ಪೈಲ್ವಾನ,
ಓಟ, ಜಾರಿದ ಧೋತರ, ಮತ್ತೆ ಓಟ,
ಎರಡನೆಯ ರೀಲು ಮುಗಿಯುವಾಗ
ಹೀರೋ ಜೋಳದ ಹಗೇವಿಗೆ ಧುಮುಕುತ್ತಾನೆ.
ಪೈಲ್ವಾನ ಅದರ ಬಾಯಿಗೆ ಚಪ್ಪಡಿ ಎಳೆದು ಕೂಡುತ್ತಾನೆ.
ನಾಲ್ಕನೆಯದರ ಮೊದಲ ಚಿತ್ರದಲ್ಲೇ
ಹೀರೋ ಬಾಸಿಂಗ ಕಟ್ಟಿಕೊಂಡು ಕುದುರೆಯ ಮೇಲೆ.
ಅದೇ ಪೈಲ್ವಾನ ಗಾಳಿ ಬೀಸುತ್ತಿದ್ದಾನೆ.

ಮೂರನೆಯದು ಹುಮನಾಬಾದಿನ ಹತ್ತಿರ
ಜೀಪು ಮಗುಚಿದಾಗ ಹಳ್ಳದ ಪಾಲು.

"ಮಂದಿ ಬಿಡತಾರೇನು? ಹೆಂಗ ಹೊರಗ ಬಂದಾ ಹೇಳು ಅಂತ ಗದ್ದಲ."
ರೀಲು ಬದಲಿಸುತ್ತ ಮೈಕು ಹಿಡಿದು ಇವರೇ ಹೇಳಿದರು:
ಔರಾದದಲ್ಲಿ ಹೋತದ ಬಾಲ ಹಿಡಿದು ಬಂದ.
ಕಮಠಾಣದಲ್ಲಿ ಪೈಲ್ವಾನನೂ ಒಳಗೆ ಬಿದ್ದ,
ಕತ್ತಲಲ್ಲಿ ಇಬ್ಬರಿಗೂ ಹಸಿವಾಗಿ ಮಾತು ಬೆಳೆಯಿತು.
ಚಿಟಗುಪ್ಪದಲ್ಲಿ ಹಗೇವಿನ ತಳಕ್ಕೆ ಸುರಂಗವಿತ್ತು,
ಅದು ಮದುಮಗಳ ಅಡುಗೆಮನೆಗೆ ಹೋಗುತ್ತಿತ್ತು.
ನಾನು ಕೇಳಿದ್ದು ಇಲ್ಲಿಗೆ ಹದಿನಾಲ್ಕು.

"ಒಂದು ಮಾತು ತಿಳಕೋ" ಅಂದರು ಒಮ್ಮೆ, ಬಲ್ಬು ಆರಿಸದೆ.
"ಬಾವಿ ಸಿನಿಮಾದಾಗ ಎಲ್ಲಾರೂ ನಾಟಕ ಮಾಡ್ಯಾರ.
ಈ ಹುಚ್ಚು ಸಿನಿಮಾದಾಗ ಹೀರೋನ ಬೆನ್ನ ಹಿಂದ ನೋಡು,
ಸೀತಾಫಲ ಮಾರುವಾಂವ, ಬೊಗಳೂ ನಾಯಿ,
ಅವು ಖರೇ."
ಅಂದಿನಿಂದ ನಾನು ಹೀರೋನನ್ನು ನೋಡಿಲ್ಲ.

ಹೋದ ಗುರುವಾರ ಅವರೇ ಬಂದರು
ದೊಡ್ಡ ದವಾಖಾನೆಗೆ, ನನ್ನ ಕತ್ತಲ ಕೋಣೆಗೆ,
ಕೈಯಲ್ಲಿ ಚೀಟಿ: ಕೆಮ್ಮು, ಐದು ವಾರ.
ಅಂಗಿ ಬಿಚ್ಚಿಸಿದೆ. ಇಷ್ಟು ಸಣ್ಣ ಮನುಷ್ಯ
ಪ್ರೊಜೆಕ್ಟರು ಹೇಗೆ ಹೊರುತ್ತಿದ್ದರೋ.
ಗದ್ದ ಮೇಲೆ, ಹೆಗಲು ಮುಂದೆ,
ಉಸಿರು ಹಿಡೀರಿ, ಅಲುಗಾಡಬ್ಯಾಡ್ರಿ.

ಗುಂಡಿ ಒತ್ತಿದೆ.
"ಹದಿನೈದನೇದು ಹೊಳೀತು!" ಅಂದು
ನಕ್ಕೇಬಿಟ್ಟರು.

ತೊಳೆದು ಬೆಳಕಿಗೆ ಹಿಡಿದರೆ
ಒಂದೊಂದು ಪಕ್ಕೆಲುಬು ಎರಡೆರಡು,
ಗುಂಡಿಗೆಗೆ ಅಂಚೇ ಇಲ್ಲ.
ಇನ್ನೊಂದು ತೆಗೆದೆ. ಅದು ಸ್ವಚ್ಛ ಬಂತು.
ಅದು ಏನು ಹೇಳಿತೋ ಅದನ್ನು ಡಾಕ್ಟರು ಹೇಳಲಿ.
ಕೆಟ್ಟದ್ದನ್ನು ರಿಜಿಸ್ಟರಿನಲ್ಲಿ ರದ್ದು ಎಂದು ಬರೆದು
ಮಡಚದೆ, ಸೀರೆಗಳ ನಡುವೆ ಇಟ್ಟಿದ್ದೇನೆ.

ಹದಿನೈದನೆಯದನ್ನು ಇನ್ನೂ ಹೇಳಿಲ್ಲ.
ಮಂಗಳವಾರ ಬಾ ಅಂದಿದ್ದಾರೆ,
ಬರುವಾಗ ಒಂದು ಹಲಗಿ ತಾ,
ಏಳನೇ ಮೆಟ್ಟಲಿಗೆ.