ಕುಲಾವಿ

ಸೋಮವಾರ ಹಳೆಯವನನ್ನು ಕಳಿಸಿದರು.
ಮಂಗಳವಾರ ಬೆಳಕು ಹರಿಯುವ ಮೊದಲೇ
ಇನ್ವರ್‌ಕೆಲ್ಡಿಯ ಮೀನು ಹರಾಜಿನಲ್ಲಿ
ಹ್ಯಾಡಕ್ ಪೆಟ್ಟಿಗೆಗಳ ನಡುವೆ ಹೆಸರುಗಳನ್ನೂ ಕೂಗತೊಡಗಿದರು.

ಡೆನ್ಮಾರ್ಕಿನವನಂತೆ, ಎಂದ ಸೋರ್ಲಿ ಗೆಡ್ಡಿಸ್,
ಅಬರ್ಡೀನ್ ವಿಮಾನ ನಿಲ್ದಾಣದಲ್ಲಿ ನನ್ನ ಭಾವಮೈದ ಕಣ್ಣಾರೆ ಕಂಡ,
ಕೈಯಲ್ಲಿ ಒಂದೇ ಒಂದು ಚೀಲ.
ಒಂದೇ ಚೀಲವಾದರೆ ನೋಡಿಹೋಗಲು ಬಂದವನು,
ಇರಲು ಬಂದವನಲ್ಲ,
ಐಸು ಒಡೆಯುತ್ತ ತಲೆಯೆತ್ತದೆ ಹೇಳಿದಳು ಎಫೀ.
ಬಸ್ ಡ್ರೈವರ್ ಟಾರ್ಕ್ವಿಲನಿಗೆ ನಮ್ಮ ಲಾಕಿಯೇ ಬೇಕು,
ಮೂವತ್ತು ವರ್ಷದ ಹಿಂದೆ ಮಂಜಿನಲ್ಲಿ ಗೋಲು ಹೊಡೆದ ಲಾಕಿ.
(ಮಂಜು ಎಷ್ಟಿತ್ತೆಂದರೆ ಆ ಗೋಲನ್ನು ಕಂಡವರಿಲ್ಲ.
ಕಂಡೆವು ಎನ್ನುವವರು ಮಾತ್ರ ವರ್ಷ ವರ್ಷ ಹೆಚ್ಚುತ್ತಿದ್ದಾರೆ.)
ಲಾಕಿ ಈಗ ಪರ್ತ್‌ನಲ್ಲಿ ಕಾರ್ಪೆಟ್ ಮಾರುತ್ತಾನೆ.

ಬುಧವಾರದ ಪ್ರಾರ್ಥನೆಯಲ್ಲಿ ಪಾದ್ರಿ
'ಬರಲಿರುವವನಿಗಾಗಿ' ಎಂದು ಕಣ್ಣು ಮುಚ್ಚಿದರೆ
ಹಿಂದಿನ ಬೆಂಚಿನಲ್ಲಿ ಗುಸುಗುಸು:
ಇವರಿಗೆ ಏನೋ ಗೊತ್ತಿದೆ.

ನಾನು ಇಶ್ಬೆಲ್.
ಇಪ್ಪತ್ತೆರಡು ವರ್ಷದಿಂದ ಈ ಕ್ಲಬ್ಬಿನ ಕೊಳೆ ನನ್ನದು.
ಹದಿನಾಲ್ಕು ಮ್ಯಾನೇಜರುಗಳು, ಎರಡು ವಾಷಿಂಗ್ ಮಷೀನು.
ಪತ್ರಿಕೆಯವರು ಅವರ ತಂತ್ರ ನೋಡಿದರು, ನಾನು ಜೇಬು ನೋಡಿದೆ.
ಒಬ್ಬನ ಜೇಬಲ್ಲಿ ಅರ್ಧ ಚೀಪಿದ ಪೆಪ್ಪರಮಿಂಟು,
ಇನ್ನೊಬ್ಬನದರಲ್ಲಿ ಸೋತ ದಿನವೆಲ್ಲ ನುಚ್ಚುನೂರಾದ ಕಾಗದ.
ಕಾಲುಚೀಲ ತಾನೇ ಮಡಚಿಡುತ್ತಿದ್ದವನು ಒಬ್ಬನಿದ್ದ,
ಒಂಬತ್ತು ವಾರ ಬಾಳಿದ.
ಒಳ್ಳೆಯವನು.

ಗುರುವಾರ ಸಂಜೆ ಹಿಂಬಾಗಿಲಿನಿಂದ ಸೆಕ್ರೆಟರಿ,
ಪ್ಲಾಸ್ಟಿಕ್ ಚೀಲದಲ್ಲಿ ಹೊಸ ಜಾಕೆಟ್ಟು.
ಎದೆಯ ಮೇಲೆ ಎರಡಕ್ಷರ ಹೊಲಿಯಬೇಕು, ಆರ್, ಟಿ,
ನೀನುಂಟು, ಸೂಜಿಯುಂಟು, ಮೂರನೆಯವರಿಗೆ ತಿಳಿಯಕೂಡದು.
ಹಳದಿ ದಾರದಲ್ಲಿ ಹೊಲಿದೆ.
ಅಳತೆ ನೋಡಿದೆ: ಸ್ಮಾಲ್.

ಆ ರಾತ್ರಿ ಪಬ್ಬಿನಲ್ಲಿ ಡೆನ್ಮಾರ್ಕಿನವನ ಸಂಬಳ ಏರುತ್ತಿತ್ತು,
ಲಾಕಿಯ ಮೊಣಕಾಲು ವಾಸಿಯಾಗುತ್ತಿತ್ತು,
ಟಾರ್ಕ್ವಿಲ್ ಮೇಜಿನ ಮೇಲೆ ಉಪ್ಪಿನ ಡಬ್ಬಿ ಸರಿಸಿ
ಇನ್ನೂ ಬಾರದವನ ರಕ್ಷಣಾ ಸಾಲು ಜೋಡಿಸುತ್ತಿದ್ದ.
ನಾನು ಎರಡಕ್ಷರವನ್ನು
ತುಟಿಯಲ್ಲಿ ಕಚ್ಚಿದ ಗುಂಡುಸೂಜಿಯ ಹಾಗೆ ಹಿಡಿದು ಕೂತಿದ್ದೆ.
ಬಾಯಿ ತೆರೆದರೆ ಚುಚ್ಚುತ್ತದೆ, ನುಂಗಿದರೂ ಚುಚ್ಚುತ್ತದೆ.
ಒಳಗೊಳಗೇ ಎಣಿಸಿದೆ: ರಾಬ್ ಟುಲಕ್ಕೋ?
ಅವನ ಭುಜಕ್ಕೆ ಇಂಥವು ಎರಡು ಬೇಕು.
ವಯಸ್ಸಾಗಿ ಕುಗ್ಗಿದವನೋ? ಹುಡುಗನೋ?
ಹೆಂಗಸಿದ್ದರೆ?
ಇದ್ದರೆ, ಎಂದುಕೊಂಡು ಇನ್ನೊಂದು ಹಾಫ್ ತರಿಸಿದೆ.

ಶನಿವಾರ ಬೆಳಿಗ್ಗೆ ಸೆಕ್ರೆಟರಿ ಮತ್ತೆ. ಚೀಲವಿಲ್ಲ, ಮುಖವೂ ಇಲ್ಲ.
ಬಿಚ್ಚಿಬಿಡು, ಎಂದ. ಅಷ್ಟೇ.
ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರು
ಹೊಲಿದವಳಿಗೆ ಕಾರಣ ಹೇಳುವುದಿಲ್ಲ.
ಒಂದೊಂದೇ ದಾರ ಎಳೆದೆ. ಅಕ್ಷರ ಹೋಯಿತು,
ತೂತು ಹೋಗಲಿಲ್ಲ.
ಕಿಟಕಿಗೆ ಹಿಡಿದರೆ ಬೆಳಕು ಈಗಲೂ ಓದುತ್ತದೆ.

ಮಧ್ಯಾಹ್ನ ಪಂದ್ಯ. ಮುನ್ನೂರ ಹನ್ನೊಂದು ಜನ.
ಚೆಂಡಿಗಿಂತ ಹೆಚ್ಚಾಗಿ ಖಾಲಿ ಕುರ್ಚಿಯನ್ನು ನೋಡಿದರು.
ಸಮುದ್ರದ ಕಡೆಯಿಂದ ಗಾಳಿ, ಚಾಕುವಿನಂಥದ್ದು.
ಒಗೆದ ಟವೆಲ್ಲು ಹಿಡಿದು ಬೆಂಚಿನ ಹಿಂದೆ ನಿಂತವಳು
ಎಷ್ಟು ಹೊತ್ತೆಂದು ತಡೆಯಲಿ,
ಜಾಕೆಟ್ಟು ಹಾಕಿಕೊಂಡೆ.
ನನ್ನ ಅಳತೆಗೇ ಕತ್ತರಿಸಿದಂತಿತ್ತು.
ನಮ್ಮ ಎಡಗಡೆಯ ಹುಡುಗ ಸುಮ್ಮನೆ ನಿಂತಿದ್ದ. ತಡೆಯಲಾರದೆ
ಕೈ ಬೀಸಿ ಕೂಗಿದೆ, ಮುಂದೆ ಹೋಗೋ!
ಹೋದ.
ಗೋಲೇನೂ ಆಗಲಿಲ್ಲ.

ಮಂಗಳವಾರ ಹರಾಜಿನಲ್ಲಿ ಹೊಸ ಹೆಸರೊಂದು ಎದ್ದಿತಂತೆ,
ಐವತ್ತಕ್ಕೊಂದು, ಮಧ್ಯಾಹ್ನದೊಳಗೆ ಮೂವತ್ತಕ್ಕೊಂದು.
ಸೋರ್ಲಿ ಒಗೆಯುವ ಕೋಣೆಯ ಬಾಗಿಲಿಗೆ ಬಂದು
ಟೋಪಿ ತೆಗೆದು ನಿಂತ. ನಿಜವೇ ಇಶ್ಬೆಲ್?

ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ.
ಬಾಯಲ್ಲಿ ಗುಂಡುಸೂಜಿ ಇತ್ತು.