ಒಂದು ದೀರ್ಘದ ತೂಕ

ಹಟ್ಟಿ ಕ್ಯಾಂಪಿನ ನಮ್ಮ ಕ್ವಾರ್ಟರ್ಸಿನ ಪಡಸಾಲ್ಯಾಗ
ಹನ್ನೆರಡು ದಿನದ ಕೂಸು ಮಲಗ್ಯದ, ಹೆಸರಿಲ್ದ.
ಸುತ್ತ ನಾವು, ಒಂದು ಹಾಳಿ, ಒಂದು ಮೊಂಡ ಪೆನ್ಸಿಲ್,
ಐವಿಂಡನ ದೇಶದಿಂದ ಬಂದ ಹೆಸರುಗಳು.

ಲೀವ್, ಅಂದ. ಅಲ್ಲಿ ಅದಕ್ಕ ಜೀವ ಅಂತ ಅರ್ಥ.
ಅಪ್ಪ ನಕ್ಕ: ಮೂವತ್ತೊಂದು ವರ್ಷ ಅರ್ಜಿ ಬರದೆ,
ಕೇಳಿದ ದಿನ ಒಮ್ಮೆನೂ ಕೊಡಲಿಲ್ಲ ಮೈನಿನಾಗ.
ಈಗ ತೊಟ್ಟಿಲಾಗ ಸಿಗತದೇನು?

ಸೂಲ್ವೈ, ಅಂದ.
ಅವ್ವ ಬಾಣಂತಿ ಖಾರದ ಡಬ್ಬಿ ಮುಚ್ಚತಾ,
ಸೂಲು ಮುಗೀತಲ್ಲಪ್ಪ, ಮತ್ತ್ಯಾಕ ಅದರ ಮಾತು?

ಮಾಯಾ ಎಲ್ಲಾರಿಗೂ ಸೇರಿತು.
ಅಲ್ಲೂ ನಡೀತದ, ಇಲ್ಲೂ ನಡೀತದ,
ಬಚ್ಚಲ ಬಾಗಲ ಚಪ್ಪಲಿ ಹಂಗ, ಯಾರ ಕಾಲಿಗಾದ್ರೂ.
ನಾನೇ ಬ್ಯಾಡ ಅಂದೆ. ಯಾಕ ಅಂತ ಕೇಳಿದ್ರು.
ಹಾಲು ಕುಡಸೋದಿತ್ತು, ಹೇಳಲಿಲ್ಲ.

ಭಾಳ ಹೊತ್ತು ಸುಮ್ಮನಿದ್ದು
ಹಾಳ್ಯಾಗ ಬರೀದಿದ್ದ ಒಂದನ್ನ ಐವಿಂಡ ತೆಗೆದ:
ಕಾರಿ. ನಮ್ಮಜ್ಜಿ ಹೆಸರು.
ಚಳಿಗಾಲಕ್ಕ ಹೊತ್ತೇ ಹುಟ್ಟದ ದ್ವೀಪದಾಗ
ಲಾಟೀನು ಹಿಡಿದು ದೋಣಿಯಿಂದ ಮೀನು ಇಳಿಸಿದಾಕಿ.
ಹೊತ್ತು ಹುಟ್ಟದ ಜಾಗ ನನಗೂ ಗೊತ್ತು, ಅಂದ ಅಪ್ಪ,
ಶಾಫ್ಟಿನ ಎರಡು ಸಾವಿರ ಅಡಿ ಕೆಳಗ.
ಮಾವ ಅಳಿಯ ಇಬ್ಬರೂ ತಲಿ ಹಾಕಿದ್ರು,
ಒಂದೇ ಪಾಳಿ ಮುಗಿಸಿ ಬಂದವರಂಗ.

ಅವನ ಬಾಯಾಗ ಅದು ಉದ್ದಕ್ಕ, ದೋಣಿ ಹಗ್ಗದಂಗ, ಕಾಆರಿ.
ಆ ದೀರ್ಘ ಎಷ್ಟು ದಿನ ಬಾಳೀತು ಇಲ್ಲಿ?
ಸಾಲಿಯ ಮೊದಲ್ನೇ ಗಂಟಿಗೇ ಕಳಚಿ ಬೀಳತದ,
ಉಳಿಯೋದು ಕರಿ.
ನಾಕನೇತ್ತದಿಂದ ಏಳನೇತ್ತದ ತನಕ
ಹಾಜರಿ ಪುಸ್ತಕದಾಗ ಮಾತ್ರ ನಾನು ನೀಲಗಂಗಾ.
ಕನ್ಯಾ ನೋಡಾಕ ಬಂದ ಎರಡು ಮನಿಯವರು
ಅದನ್ನೇ ಮೆತ್ತಗ ಅಂದು, ಅವಲಕ್ಕಿ ತಿಂದು, ಹೋದ್ರು.
ಕೂಸಿನ ಬಣ್ಣ ಮೊದಲು ಕಿವಿ ತುದಿಗೆ ತಿಳೀತದ ಅಂತಾರ.
ದೀಪ ಹಿಡಿದು ನೋಡಿದೆ.
ನನ್ನದೇ.

ನಾನು ಅಸ್ಸೇ ಲ್ಯಾಬಿನಾಕಿ.
ಒಂದು ಟನ್ನು ಕಲ್ಲು ಅರೆದ್ರ ಒಂದು ಮೂಗುತಿಯಷ್ಟು ಬಂಗಾರ;
ಗಾಜಿನ ಪೆಟ್ಟಿಗ್ಯಾಗ ಅದರ ಚೂರು ಇಟ್ಟು
ಉಸಿರು ಬಿಗಿಹಿಡಿದು ತೂಗೋದು ನನ್ನ ಕೆಲಸ.
ಆ ರಾತ್ರಿ ಒಂದು ದೀರ್ಘ ತೂಗಿದೆ.
ಮುಳ್ಳು ನಿಲ್ಲಲೇ ಇಲ್ಲ.
ಬೆಳಗಿನ ಜಾವ ಚೀಟಿ ಬರದೆ, ಅವರ ಲಿಪ್ಯಾಗ.
ಅದರಾಗ ದೀರ್ಘಕ್ಕ ಗುರುತಿಲ್ಲ,
ಹೆಂಗ ಓದಿದ್ರೂ ಅವೇ ನಾಕು ಅಕ್ಷರ.

ಗುಗ್ಗರಿ ಬೆಂದಿತು. ತೊಟ್ಟಿಲಿಗೆ ಮೊದಲು ಗುಂಡಕಲ್ಲು,
ಆಮ್ಯಾಲ ಕೂಸು.
ಹೆಸರು ಉಸುರೋದು ಸೋದರತ್ತಿ.
ಸೋದರತ್ತಿ ಅಂದ್ರ ಮಾರಿಟ್,
ಮೂರು ವಿಮಾನ, ಒಂದು ಕೆಂಪು ಬಸ್ಸು ಹತ್ತಿಳಿದು
ಅವ್ವನ ಬಾಯಾಗ ಮಾರೆವ್ವ ಆದಾಕಿ,
ಇಳಕಲ್ ಸೆರಗು ಎಲ್ಲಿ ಸಿಗಸಬೇಕಂತ ತಿಳೀದೆ ನಿಂತಾಕಿ.
ಕುರ್ರ್ ಅನಬೇಕಂತ ಕಲಿಸಿದ್ವಿ.
ಬೆನ್ನಿಗೆ ಗುದ್ದು ಬೀಳತಾವಂತ ಹೇಳಿರಲಿಲ್ಲ.

ಬಗ್ಗಿದಳು. ಕುರ್ರ್. ಆಮ್ಯಾಲ ಏನೋ.
ಧಪ ಧಪ ಐದಾರು ಕೈ.
ಹೌಹಾರಿ ನಕ್ಕಳು, ಕಣ್ಣಾಗ ನೀರು,
ಎಲ್ಲಾರೂ ಏನಂದಿ ಏನಂದಿ ಅಂತ.

ಬಾಗಲ ಹತ್ರ ಕುಂತ ನಮ್ಮಜ್ಜಿಗೆ ಕಿವಿ ಮಂದ.
ನಾನೇ ಕೂಗಿ ಹೇಳಬೇಕಾತು.
ಬಾಯಿ ತೆರೆದೆ. ದೀರ್ಘ ಬರಲಿಲ್ಲ.
ಕರಿ!
ಯಾರನ್ನವ್ವಾ? ಅಂದಳು ಅಜ್ಜಿ,
ಗ್ವಾಡಿ ಹಿಡಕೊಂಡು ಎದ್ದೇ ಬಿಟ್ಟಳು
ಕರಿಯಾಕ.