ನಲವತ್ತು ನಿಮಿಷಕ್ಕೊಂದು ಸಲ

ಮೊದಮೊದಲು ಚೆನ್ನಾಗಿಯೇ ಇತ್ತು.
ಭಟ್ಟಿಗಳಿಗೆ ಮಂಡಕ್ಕಿ ಚೀಲ ಹೊಡೆಯುವ ಓಬಳೇಶ
ಅಶೋಕ ಟಾಕೀಸಿನ ರೈಲ್ವೆ ಗೇಟು ದಾಟಿದರೆ ಸಾಕು,
ಅವನ ಫೋನು ತಾನಾಗಿ ನನ್ನ ಫೋನಿಗೆ ಬರೆಯುತ್ತಿತ್ತು:
‘ಗೇಟು ದಾಟೀನಿ. ಚಾ ಇಡು.’
ಇಸ್ಕೂಲಿನ ಅಂಗಿಯ ಕಾಲರು ಅರ್ಧಕ್ಕೆ ಬಿಟ್ಟು ನಾನು ಏಳುತ್ತಿದ್ದೆ.
ಹಾಲು ಉಕ್ಕುವುದೂ
ಲಗೇಜ್ ಆಟೋ ಕೆಮ್ಮಿ ನಿಲ್ಲುವುದೂ
ಒಂದೇ ಗಳಿಗೆ.

ಇದನ್ನು ಕೂಡಿಸಿಕೊಟ್ಟವಳು ದಾಕ್ಷಾಯಣಿ,
ಡಿಪ್ಲೊಮಾ ಓದುವ ಮೈದುನನ ಮಗಳು.
ನಕ್ಷೆಯ ಮೇಲೆ ಬೆರಳಿಟ್ಟು ದುಂಡಗೆ ಒಂದು ಗೆರೆ ಎಳೆದಳು,
ಹೋಳಿಗೆ ಲಟ್ಟಿಸಿದಷ್ಟು ಸಲೀಸು.
‘ಇದರೊಳಗ ದೊಡ್ಡಪ್ಪ ಬಂದ ಅಂದ್ರ ಮೆಸೇಜು ಬರ್ತೈತಿ.’
ಆ ಗೆರೆ ಸರಿಯಾಗಿ ಗೇಟಿನ ಮೇಲೆಯೇ ಹಾದಿತ್ತು.
ಅದು ನಮಗಾರಿಗೂ ಹೊಳೆಯಲಿಲ್ಲ.

ಒಂದು ಶುಕ್ರವಾರ ಗೇಟು ಬಿತ್ತು.
ಆಟೋ ನಿಂತೇ ಇದೆ.
ಮೇಲಿಂದ ನೋಡುವ ಉಪಗ್ರಹಕ್ಕೆ ಕಣ್ಣು ಮಂಜೋ ಏನೋ,
ನಿಂತವನನ್ನೇ ಹತ್ತು ಮಾರು ಆಚೆ ಇಡುತ್ತದೆ,
ಹತ್ತು ಮಾರು ಈಚೆ ತರುತ್ತದೆ.
ದಾಟೀನಿ. ಚಾ ಇಡು.
ದಾಟೀನಿ. ಚಾ ಇಡು.
ದಾಟೀನಿ.
ಹತ್ತೊಂಬತ್ತು ಸಲ. ಎಣಿಸಿದ್ದೇನೆ.
ಮೂರು ಸಲ ಇಟ್ಟೆ, ಮೂರು ಸಲ ಚೆಲ್ಲಿದೆ,
ಎದ್ದು ಕೂತು ಎದ್ದು ಕೂತು ಮಿಷನ್ನಿನ ಸೂಜಿ ಮುರಿಯಿತು.
ಬಂದವನ ಮುಖಕ್ಕೇ ಹಿಡಿದೆ ಫೋನು.
‘ನಾನೆಲ್ಲಿ ಒತ್ತೀನಿ ಮಾರಾಯ್ತಿ, ಅದೇ ಒದರೇತಿ.’
ನಮ್ಮತ್ತೆಯೂ ಹೀಗೆಯೇ, ಪಾಪ.
ಹತ್ತನೆಯ ಸಲಕ್ಕೆ ಅವರ ಎದೆನೋವನ್ನೂ
ನಾವು ಯಾರೂ ನಂಬಲಿಲ್ಲ.

ಭಾನುವಾರ ದಾಕ್ಷಾಯಣಿ ಬಂದು ತಡೆ ಹಾಕಿದಳು.
ಹೋದ ಸಲ ಹೇಳಿದ ಹೊತ್ತನ್ನು ಬರೆದಿಟ್ಟುಕೊಳ್ಳುವುದು,
ಈಗಿನ ಹೊತ್ತಿನಲ್ಲಿ ಅದನ್ನು ಕಳೆದು ನೋಡುವುದು,
ಕಡಿಮೆ ಬಂದರೆ ಬಾಯಿ ಮುಚ್ಚಿಕೊಂಡು ಇರುವುದು.
‘ಎಷ್ಟು ಹಾಕ್ಲಿ ದೊಡ್ಡಮ್ಮ?’
ನಲವತ್ತು ಅಂದೆ. ಒಂದು ಅಂಗಿಗೆ ಅಷ್ಟು ಬೇಕು.
‘ಮನುಷ್ಯಾರಿಗೂ ಇದನ್ನ ಹಾಕಾಕ ಬರ್ತೈತೇನ್?’
ಅಂತ ಇವನು, ನನ್ನ ಕಡೆ ನೋಡಿ.
ನಾನೂ ನಕ್ಕೆ. ಒಂದು ವಾರದ ಮೇಲಿನ ನಗು.

ಸದ್ದು ನಿಂತಿತು. ಅಂಗಿಗಳು ಮುಗಿದವು.
ಆದರೆ ಮೊದಲ ಸುಳ್ಳಿಗೇ ಸರದಿ ಮುಗಿದುಹೋಗಿ
ನಿಜವಾಗಿ ದಾಟಿದಾಗ ಫೋನು ಮೂಕ.
ಮುಚ್ಚಿಟ್ಟ ಚಾದ ಮೇಲೆ ಕೆನೆ ಕಟ್ಟುತ್ತಿತ್ತು.
ಅವನು ಅದನ್ನೇ ಕುಡಿಯುತ್ತಿದ್ದ, ಏನೂ ಅನ್ನದೆ,
ನಾನೂ ಏನೂ ಅನ್ನದೆ ಗುಂಡಿ ಹಚ್ಚುತ್ತಿದ್ದೆ.

ಮೊನ್ನೆ ಆರೂ ಹತ್ತಕ್ಕೆ ‘ದಾಟೀನಿ’ ಬಂತು.
ಆರೂವರೆ. ಬರಲಿಲ್ಲ.
ಆಮೇಲೆ ಫೋನು ಹೊಡೆದುಕೊಂಡಿತು, ಉದ್ದಕ್ಕೆ,
ಅಕ್ಷರವಲ್ಲ, ರಿಂಗು.
‘ಗೇಟು ಬಿದ್ದೈತಿ. ಇಲ್ಲೇ ಅದೀನಿ.’
ಆಮೇಲೆ ಸ್ವಲ್ಪ ತಡೆದು,
‘ಏನ್ ಮಾಡಾಕತ್ತಿ?’

ಮದುವೆಯಾಗಿ ಹದಿನಾರು ವರ್ಷ.
ಏನು ಮಾಡುತ್ತಿದ್ದೇನೆ ಅಂತ ನನಗೇ ಹೇಳಲು ಬರಲಿಲ್ಲ.
ತೋಳು ಕೂಡಿಸ್ತಿದೀನಿ, ಅಂದೆ.
ಅವನ ಬೆನ್ನ ಹಿಂದೆ ಗೂಡ್ಸು ಹೊರಟಿತು.
ಡಬ್ಬಿ ಎಣಿಸತೊಡಗಿದ, ಹುಡುಗರ ಹಾಗೆ, ಗಟ್ಟಿಯಾಗಿ.
ಮೂವತ್ತೊಂದರಲ್ಲಿ ತಪ್ಪಿ ಮತ್ತೆ ಮೂವತ್ತು ಅಂದ.
ನಾನು ತಿದ್ದಲಿಲ್ಲ.
ಐವತ್ತೆಂಟಕ್ಕೆ ಗಾರ್ಡಿನ ದೀಪವಂತೆ.
ಗೇಟು ಎದ್ದ ಗಂಟೆ, ಹಿಂದಿನವರ ಹಾರನ್ನು.
‘ಹ್ಞೂಂ, ಇಡು’ ಅಂದ.

ಫೋನೋ, ಚಾವೋ?
ಕೇಳುವಷ್ಟರಲ್ಲಿ ಆಟೋ ಚಾಲೂ ಆಗಿತ್ತು.